ಉದ್ದದ ಹಾಡಿನ ಪರವಾಗಿ ನಾಲ್ಕು ಮಾತು

ನಮ್ಮ ಹೆಂಗಸರಿಗೆ ಉದ್ದವೆಂದರೆ ಬೇಸರ ಎಂದು ಯಾರೂ ಹೇಳುವಂತಿಲ್ಲ. ಜಡೆ ಉದ್ದವಿದ್ದರೆ ಹಿಗ್ಗುತ್ತೇವೆ. ಹೂವಿನವಳು ಮಲ್ಲಿಗೆಯನ್ನು ಮೊಳ ಹಾಕುವಾಗ ಅವಳ ಕೈ ಇನ್ನೂ ಒಂದಿಷ್ಟು ಉದ್ದವಿರಬಾರದಿತ್ತೇ ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತೇವೆ. ಟಿವಿಯಲ್ಲಿ ಅತ್ತೆ ಸೊಸೆಯರ ಜಗಳ ಎಂಟುನೂರು ಕಂತು ದಾಟಿದರೂ, ನಾಳೆ ಏನಾಗುತ್ತದೋ ಎಂದು ಒಗ್ಗರಣೆ ಸೀಯುವವರೆಗೂ ನಿಂತು ನೋಡುತ್ತೇವೆ. "ಬರ್ತೀನಿ ಕಣ್ರೀ" ಎಂದು ಬಾಗಿಲಿಗೆ ಬಂದ ಮೇಲೆ ಹೊಸ್ತಿಲ ಮೇಲೆಯೇ ಮುಕ್ಕಾಲು ಗಂಟೆ ಮಾತಾಡುವವರೂ ನಾವೇ. ಆದರೆ ಹಾಡು ಮಾತ್ರ ನಾಲ್ಕು ನಿಮಿಷಕ್ಕೆ ಮುಗಿಯಬೇಕು. ಐದನೆಯ ನಿಮಿಷಕ್ಕೆ ಯಾರೋ ಒಬ್ಬರು ಗಡಿಯಾರ ನೋಡಿ, "ಸ್ವಲ್ಪ ಉದ್ದವಾಯ್ತಲ್ವಾ?" ಎನ್ನುತ್ತಾರೆ. ಅಲ್ಲಿಗೆ ತೀರ್ಪು ಆದಂತೆ.

ಈ ಒಂದು ಮಾತಿನಿಂದ ಮೂಲೆಗೆ ಬಿದ್ದ ಕೆಲವು ಹಾಡುಗಳ ಪರವಾಗಿ ನಾನು ಇಲ್ಲಿ ವಕಾಲತ್ತು ಹಾಕುತ್ತಿದ್ದೇನೆ. ಒಂದು ನಮ್ಮ ಸೀಮೆಯದು, ಇನ್ನೊಂದು ಇಂಗ್ಲೆಂಡಿನದು. ಎರಡಕ್ಕೂ ಪರಸ್ಪರ ಗುರುತಿಲ್ಲ. ಉಡಿಗಾಲದ ನಮ್ಮ ಮನೆಯ ಪಡಸಾಲೆಯಲ್ಲಿ ಅವು ಒಂದನ್ನೊಂದು ಕಂಡದ್ದು ನನ್ನ ಮಗನಿಂದಾಗಿ. ಅವನ ಸಂಗತಿ ಆಮೇಲೆ ಹೇಳುತ್ತೇನೆ. ಮೊದಲು ನಮ್ಮೂರ ಕಡೆಯ ಹಾಡು.

ಚಾಮರಾಜನಗರ 1997ರಲ್ಲಿ ಮೈಸೂರಿನಿಂದ ಬೇರೆಯಾಗಿ ಜಿಲ್ಲೆಯಾಯಿತು. ಆದರೆ ಸರ್ಕಾರದ ಗಡಿಗಿಂತ ಹಳೆಯದಾದ ಎರಡು ಗುರುತುಗಳು ಈ ಸೀಮೆಗಿವೆ. ಒಂದು ಎಪ್ಪತ್ತೇಳು ಮಲೆಯ ಮಾದಪ್ಪನ ಬೆಟ್ಟ, ಇನ್ನೊಂದು ಸಿದ್ದಪ್ಪಾಜಿಯ ಚಿಕ್ಕಲ್ಲೂರು. ಮಾದಪ್ಪನಿಗೆ ಬಿಟ್ಟ ದೇವರಗುಡ್ಡರು ಕಂಸಾಳೆ ಹಿಡಿದು ಅವನ ಕಥೆ ಹಾಡುತ್ತಾರೆ. ಮಂಟೇಸ್ವಾಮಿ, ಸಿದ್ದಪ್ಪಾಜಿಯರ ಒಕ್ಕಲಾದ ನೀಲಗಾರರು ತಂಬೂರಿ, ಡಕ್ಕಿ, ಗಗ್ಗರ, ತಾಳ ಇಟ್ಟುಕೊಂಡು ಹಾಡುತ್ತಾರೆ. ಈಗೀಗ ತಂಬೂರಿಯವರು ಎರಡು ಕಥೆಗಳನ್ನೂ ಹಾಡುವುದುಂಟು. ಮುಂದಾಳು ಒಂದು ನುಡಿ ಹೇಳಿದರೆ ಹಿಂದಿನ ಇಬ್ಬರು ಮೂವರು ಸೊಲ್ಲು ಹಿಡಿಯುತ್ತಾರೆ. ಸೊಲ್ಲು ಮುಗಿಯುವಷ್ಟರಲ್ಲಿ ಮುಂದಾಳಿಗೆ ಮುಂದಿನ ನುಡಿ ನಾಲಿಗೆಗೆ ಬಂದಿರುತ್ತದೆ. ಹೀಗೆ ರಾತ್ರಿ ಊಟವಾದ ಮೇಲೆ ಶುರುವಾದದ್ದು ಕೋಳಿ ಕೂಗುವವರೆಗೂ ನಡೆಯುತ್ತದೆ. ಕಥೆಯ ಒಂದೊಂದು ಭಾಗಕ್ಕೆ 'ಸಾಲು' ಎಂದು ಹೆಸರು. ಸಂಕಮ್ಮನ ಸಾಲು, ಕಲ್ಯಾಣದ ಸಾಲು, ಕೆಂಪಾಚಾರಿ ಸಾಲು, ಹೀಗೆ. ಒಂದು ರಾತ್ರಿಗೆ ಒಂದು ಸಾಲು ಮುಗಿದರೆ ಹೆಚ್ಚು.

ಹಂಪಿಯ ಕನ್ನಡ ವಿಶ್ವವಿದ್ಯಾಲಯ 1997ರಲ್ಲಿ ಹೆಬ್ಬಣಿ ಮಾದಯ್ಯನವರ ಮೇಳ ಹಾಡಿದ ಮಾದೇಶ್ವರನ ಕಥೆಯನ್ನು ದೊಡ್ಡ ಪುಸ್ತಕವಾಗಿ ತಂದಿತು. ಕೇಂದ್ರ ಸಾಹಿತ್ಯ ಅಕಾಡೆಮಿಯಿಂದ ಅದು ಇಂಗ್ಲಿಷಿಗೂ ಹೋಯಿತು. ಪುಸ್ತಕವಾದ ಕೂಡಲೇ ಅದು 'ಜನಪದ ಮಹಾಕಾವ್ಯ'. ಅದನ್ನೇ ಹಾಡಲು ಕುಳಿತರೆ 'ಉದ್ದವಾಯ್ತು'. ಇದು ಯಾವ ನ್ಯಾಯ, ನೀವೇ ಹೇಳಿ.

ಹಾಡು ಮೂರು ನಾಲ್ಕು ನಿಮಿಷವೇ ಇರಬೇಕೆಂದು ಯಾವ ಸರಸ್ವತಿಯೂ ಅಪ್ಪಣೆ ಕೊಡಿಸಿಲ್ಲ. ಅದು ಗ್ರಾಮಫೋನ್ ತಟ್ಟೆಯ ಅಪ್ಪಣೆ. ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದ ಹತ್ತು ಅಂಗುಲದ ಆ ಅರಗಿನ ತಟ್ಟೆಯ ಒಂದು ಮುಖದಲ್ಲಿ ಹಿಡಿಯುತ್ತಿದ್ದುದೇ ಸುಮಾರು ಮೂರು ನಿಮಿಷ. ಸಂಗೀತ ವಿದ್ವಾಂಸರಿರಲಿ, ನಾಟಕದ ನಟರಿರಲಿ, ಎಲ್ಲರೂ ಆ ಮೂರು ನಿಮಿಷದೊಳಗೆ ತಮ್ಮನ್ನು ಮಡಚಿಕೊಂಡರು. 1948ರಲ್ಲಿ ಲಾಂಗ್ ಪ್ಲೇ ತಟ್ಟೆ ಬಂದು ಒಂದು ಮುಖಕ್ಕೆ ಇಪ್ಪತ್ತು ನಿಮಿಷದ ಮೇಲೆ ಸಿಕ್ಕಿತು. 1963ರಲ್ಲಿ ಫಿಲಿಪ್ಸ್‌ನವರು ಕ್ಯಾಸೆಟ್ ತಂದರು. ಅರವತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಒಂದೊಂದು ಮುಖಕ್ಕೆ ಅರ್ಧ ಗಂಟೆ. ಜಾಗ ಬಂತು, ಅಭ್ಯಾಸ ಹೋಗಲಿಲ್ಲ. ಚಿಕ್ಕ ಮನೆಯಲ್ಲಿ ಬೆಳೆದವರು ದೊಡ್ಡ ಮನೆಗೆ ಹೋದರೂ ಅಡುಗೆಮನೆಯ ಒಂದೇ ಮೂಲೆಯಲ್ಲಿ ಕೂತು ಉಣ್ಣುವುದಿಲ್ಲವೇ, ಹಾಗೆ.

1978ರಲ್ಲಿ 'ನಿತ್ಯೋತ್ಸವ' ಬಂತು. ನಿಸಾರ್ ಅಹಮದರ ಕವಿತೆಗಳು, ಮೈಸೂರು ಅನಂತಸ್ವಾಮಿಯವರ ಸಂಗೀತ. ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ ಅದು. ಆಮೇಲೆ ಅಶ್ವತ್ಥರ ಕ್ಯಾಸೆಟ್ಟುಗಳು ಬಂದವು. ನಾನೂ ಕೇಳಿ ಬೆಳೆದವಳೇ. ಮೈಸೂರಿನಲ್ಲಿ ಬಿ.ಎ. ಓದುವಾಗ ನಮ್ಮ ಹಾಸ್ಟೆಲಿನಲ್ಲಿ ಯಾರ ಕೋಣೆಯಿಂದಲಾದರೂ ಒಂದು ಭಾವಗೀತೆ ಕೇಳದ ಸಂಜೆಯಿರಲಿಲ್ಲ. ಅವುಗಳ ಮೇಲೆ ನನ್ನ ತಕರಾರೇನಿಲ್ಲ. ಆದರೆ ಪೇಟೆಯ ಮನೆಗಳ ಷೋಕೇಸಿನಲ್ಲಿ ಆ ಕ್ಯಾಸೆಟ್ಟುಗಳಿಗೆ ಜಾಗ ಸಿಕ್ಕಿತು, ತಂಬೂರಿ ಕಥೆಗಳಿಗೆ ಸಿಗಲಿಲ್ಲ. ಹಳ್ಳಿಯಲ್ಲಿ ಮಳವಳ್ಳಿ ಮಹದೇವಸ್ವಾಮಿಯವರ ತಂಬೂರಿ ಕಥೆಯನ್ನು ಜನ ಮುಗಿಬಿದ್ದು ಕೇಳುತ್ತಿದ್ದ ಕಾಲದಲ್ಲೂ ಬಸ್ ಸ್ಟ್ಯಾಂಡಿನ ಈಚೆಗೆ, ನೌಕರಿಯವರ ಬಡಾವಣೆಗೆ ಆ ದನಿ ಬಂದದ್ದು ಕಡಿಮೆ. 'ಉದ್ದವಾಯ್ತು' ಎನ್ನುವ ಮಾತಿನ ಹಿಂದೆ ಇನ್ನೊಂದು ಮಾತು ಅಡಗಿ ಕೂತಿರುತ್ತದೆ, ಅದನ್ನೂ ಹೇಳಿಬಿಡುತ್ತೇನೆ. ಯಾರ ಕೇರಿಯಿಂದ ಬಂದ ಹಾಡು ಎಂಬ ಲೆಕ್ಕ ಅದು. ಮೂರು ಗಂಟೆಯ ಹರಿಕಥೆಯನ್ನು ಕೈಮುಗಿದು ಕೇಳುವವರು ಒಂದು ಗಂಟೆಯ ನೀಲಗಾರರ ಕಥೆಗೆ ಆಕಳಿಸಿದರೆ, ಗಡಿಯಾರದ ಮೇಲೆ ತಪ್ಪು ಹೊರಿಸುವುದು ಹೇಗೆ?

ನಾನು ಮದುವೆಯಾಗಿ ಉಡಿಗಾಲಕ್ಕೆ ಬಂದದ್ದು 1993ರಲ್ಲಿ. ಆ ವರ್ಷವೇ ಚಾಮರಾಜನಗರದ ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಕ್ಯಾಸೆಟ್ ಅಂಗಡಿಯಲ್ಲಿ 'ಸಂಕಮ್ಮನ ಸಾಲು' ಎಂದು ಬರೆದ ನಾಲ್ಕು ಕ್ಯಾಸೆಟ್ಟುಗಳ ಕಟ್ಟು ಕಂಡೆ. ಮೇಲೆ ಧೂಳು. ನಮ್ಮ ಸುತ್ತಿನ ಹಳ್ಳಿಯದೇ ಒಂದು ಮೇಳ ಹಾಡಿದ್ದು. ಅಂಗಡಿಯವನು, "ನಾಲ್ಕೂ ತಗೊಳ್ಳೋ ಹಾಗಿದ್ರೆ ಹತ್ತು ರೂಪಾಯಿ ಬಿಡ್ತೀನಿ ಮೇಡಂ, ಬಿಡಿಯಾಗಿ ಯಾರೂ ಒಯ್ಯಲ್ಲ, ಒಟ್ಟಾಗೂ ಯಾರೂ ಒಯ್ಯಲ್ಲ" ಎಂದ. ಅವನ ಪ್ರಾಮಾಣಿಕತೆಗೆ ಮೆಚ್ಚಿ ಕೊಂಡೆ ಎನ್ನಬಹುದು. ಮೊದಲ ಸಂಬಳವೂ ಇಲ್ಲದ ಕಾಲ. ನಂಜನಗೂಡಿನ ತವರಿನಿಂದ ಅಮ್ಮ ಕೊಟ್ಟಿದ್ದ ದುಡ್ಡು ಕೈಯಲ್ಲಿತ್ತು.

ಸಂಕಮ್ಮನ ಕಥೆ ಗೊತ್ತಿಲ್ಲದವರಿಗಾಗಿ ಎರಡು ಮಾತು. ಹಾಡುವವರಿಂದ ಹಾಡುವವರಿಗೆ ವಿವರ ಬದಲಾಗುತ್ತದೆ, ಎಲುಬು ಇಷ್ಟು. ನೀಲೇಗೌಡ ಕಾಡಿಗೆ ಹೊರಟಿದ್ದಾನೆ. ಹೊರಡುವ ಮೊದಲು ಹೆಂಡತಿಯ ಮೇಲೆ ಅನುಮಾನ. ನಾನು ಬರುವವರೆಗೂ ನಡತೆಗೆಡುವುದಿಲ್ಲವೆಂದು ಕೈಮೇಲೆ ಕೈಯಿಟ್ಟು ಭಾಷೆ ಕೊಡು ಎನ್ನುತ್ತಾನೆ. ಸಂಕಮ್ಮ ಕೊಡುವುದಿಲ್ಲ. ಅವಳ ನಡತೆಯಲ್ಲಿ ಊನವಿಲ್ಲ, ಗಂಡನ ಮೇಲೆ ಸಿಟ್ಟೂ ಇಲ್ಲ. ಆದರೂ ಭಾಷೆ ಕೊಡುವುದಿಲ್ಲ. ಅವನು ಹಿಂಸೆ ಕೊಟ್ಟು, ಅವಳನ್ನು ಗುಡಿಸಲಲ್ಲಿ ಕಟ್ಟಿಹಾಕಿ ಕಾಡಿಗೆ ಹೋಗುತ್ತಾನೆ. ಮಾದಪ್ಪ ಬಂದು ಅವಳನ್ನು ಬಿಡಿಸಿ, ಮಕ್ಕಳ ಫಲ ಕೊಡುತ್ತಾನೆ. ಆ ಮಕ್ಕಳೇ ಕಾರಯ್ಯ, ಬಿಲ್ಲಯ್ಯ.

ನಾಲ್ಕು ವಾಕ್ಯದಲ್ಲಿ ಹೇಳಿದರೆ ಇದು ಕಷ್ಟದಲ್ಲಿದ್ದ ಭಕ್ತೆಯನ್ನು ದೇವರು ಕಾಪಾಡಿದ ಕಥೆ. ಭಕ್ತಿಗೀತೆಗಳ ಕ್ಯಾಸೆಟ್ಟಿನಲ್ಲಿ ಅದು ಹಾಗೆಯೇ ಬರುತ್ತದೆ. ಒಂದು ಚರಣದಲ್ಲಿ ಅಳು, ಎರಡನೆಯದರಲ್ಲಿ ಮಾದಪ್ಪ, ಮೂರನೆಯದರಲ್ಲಿ ಮಂಗಳ. ಉದ್ದದ ಕಥೆಯಲ್ಲಿ ಹಾಗಲ್ಲ. ನಮ್ಮ ನಾಲ್ಕು ಕ್ಯಾಸೆಟ್ಟಿನಲ್ಲಿ ನೀಲೇಗೌಡ ಭಾಷೆ ಕೇಳುವುದು ಏಳು ಸಲ. ನಾನು ಎಣಿಸಿದ್ದೇನೆ. ಮೊದಲ ಸಲ ಮುದ್ದಿನಿಂದ ಕೇಳುತ್ತಾನೆ. ಎರಡನೆಯ ಸಲ ಊರಿನವರ ಬಾಯಿಗೆ ಹೆದರಿದವನಂತೆ ಕೇಳುತ್ತಾನೆ. ಮೂರನೆಯ ಸಲ ಅವಳ ತವರಿನ ಹೆಸರೆತ್ತುತ್ತಾನೆ. ಪ್ರತಿ ಸಲವೂ ಅವಳ ಉತ್ತರ ಹೆಚ್ಚುಕಡಿಮೆ ಅದೇ ಮಾತು, ಅದೇ ಧಾಟಿ. ಪ್ರತಿ ಸಲವೂ ಹಿಂದಿನವರು ಅದೇ ಸೊಲ್ಲು ಹಿಡಿಯುತ್ತಾರೆ. ಆದರೆ ಆ ಸೊಲ್ಲು ಮೊದಲಿನ ಸೊಲ್ಲಲ್ಲ. ಮುದ್ದಿನ ಮಾತಿಗೆ ಕೊಟ್ಟ ಉತ್ತರ, ಕೈಯೆತ್ತಿದವನಿಗೂ ಅದೇ ಆಗಿರುವಾಗ, ಮಾತು ಅದೇ ಇದ್ದರೂ ತೂಕ ಬೇರೆ. ಬೇಸರವಾಗುತ್ತದೆಯೇ ಎಂದರೆ ಆಗುತ್ತದೆ. ಐದನೆಯ ಸಲಕ್ಕೆ ನಮಗೇ, "ಅಯ್ಯೋ, ಕೊಟ್ಟುಬಿಡಮ್ಮ ಒಂದು ಭಾಷೆ, ಮುಗೀಲಿ" ಅನ್ನಿಸುತ್ತದೆ. ಆ ಬೇಸರವೇ ಬೇಕಾದದ್ದು ಎಂದು ನನ್ನ ವಾದ. ಕೊಟ್ಟುಬಿಡು ಎಂದು ಹೇಳುವ ಊರಿನ ಜಾಗದಲ್ಲಿ ಹಾಡು ನಮ್ಮನ್ನೇ ತಂದು ಕೂರಿಸಿರುತ್ತದೆ. ನಾಲ್ಕು ನಿಮಿಷದ ಹಾಡಿಗೆ ಇದು ಆಗದ ಕೆಲಸ. ಅಲ್ಲಿ ಹೆಣ್ಣಿನ 'ಇಲ್ಲ'ಕ್ಕೆ ಅರ್ಧ ಸಾಲಿನ ಜಾಗ.

ನಮ್ಮ ಅತ್ತೆಗೆ ಓದು ಬರಹ ಅಷ್ಟಕ್ಕಷ್ಟೆ, ಸಹಿ ಹಾಕಲು ಬರುತ್ತಿತ್ತು. ನಾನು ತಂದ ಕ್ಯಾಸೆಟ್ಟುಗಳಿಗೆ ನನಗಿಂತ ಅವರೇ ಒಡತಿಯಾದರು. ಅವರೆಕಾಯಿ ಸುಲಿಯುವಾಗ ಒಂದು ಮುಖ, ರಾಗಿ ಕೇರುವಾಗ ಒಂದು ಮುಖ. ಕರೆಂಟು ಹೋದರೆ ಶೆಲ್ ಹಾಕಿ ಎನ್ನುತ್ತಿದ್ದರು, ಶೆಲ್ಲಿನ ಬೆಲೆ ಕೇಳಿದರೆ ಕಿವಿ ಕೇಳಿಸುತ್ತಿರಲಿಲ್ಲ. ಆ ದಿನಗಳಲ್ಲಿ ಮಾವ ಅತ್ತೆಯ ತವರಿನ ಕಡೆಯ ಎರಡು ಎಕರೆ ಮಾರಲು ಓಡಾಡುತ್ತಿದ್ದರು. ಗುಂಡ್ಲುಪೇಟೆ ಕಡೆಯ ಜಮೀನು, ಅತ್ತೆಯ ಹೆಸರಿನಲ್ಲಿದ್ದದ್ದು. ಸಾಯಂಕಾಲ ಕಾಫಿ ಕುಡಿಯುವ ಹೊತ್ತಿಗೆ ಕಾಗದ ಬರುತ್ತಿತ್ತು. "ಒಂದು ಸೈನ್ ಹಾಕು, ಆಯ್ತು" ಎನ್ನುತ್ತಿದ್ದರು ಮಾವ. ಅತ್ತೆ, "ನೋಡವ" ಎನ್ನುತ್ತಿದ್ದರು. ಮರುದಿನ ಮತ್ತೆ ಕಾಗದ, ಮತ್ತೆ "ನೋಡವ". ಸುಮಾರು ಒಂದೂವರೆ ತಿಂಗಳು ಹೀಗೆ ನಡೆಯಿತು. ಮಾವ ಒಳ್ಳೆಯ ಮಾತಿನಲ್ಲೂ ಕೇಳಿದರು, ತಟ್ಟೆ ದೂಡಿಯೂ ಕೇಳಿದರು. ಮೈದುನನ ಕೈಲಿ ಹೇಳಿಸಿದರು. ಓದಿದವಳು ನೀನಾದರೂ ತಿಳಿಹೇಳು ಎಂದು ನನಗೂ ಹೇಳಿದರು. ನಾನು ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದೆ. ಅತ್ತೆ ಜಗಳವಾಡಲಿಲ್ಲ, ಅಳಲಿಲ್ಲ, ತವರಿಗೂ ಹೋಗಲಿಲ್ಲ. ಪ್ರತಿ ಸಲವೂ ಅದೇ ಒಂದು ಮಾತು, ಅದೇ ಸ್ವರದಲ್ಲಿ. ಕೊನೆಗೆ ಕೊಳ್ಳುವವನೇ ಬೇರೆ ಜಮೀನು ನೋಡಿಕೊಂಡ.

ಇದು ಕ್ಯಾಸೆಟ್ಟಿನಿಂದ ಆಯಿತು ಎಂದು ನಾನು ಹೇಳುವುದಿಲ್ಲ. ಅತ್ತೆ ಮೊದಲಿನಿಂದಲೂ ಗಟ್ಟಿ ಹೆಂಗಸು. ಆದರೆ ಆ ಒಂದೂವರೆ ತಿಂಗಳು ನಮ್ಮ ಮನೆಯಲ್ಲಿ ಬೆಳಿಗ್ಗೆ ಸಂಕಮ್ಮನ ಉತ್ತರ, ಸಂಜೆ ಅತ್ತೆಯ ಉತ್ತರ ಕೇಳುತ್ತಿದ್ದವಳು ನಾನು. ಯಾವುದು ಯಾವುದರ ಸೊಲ್ಲು ಎಂದು ಕೆಲವೊಮ್ಮೆ ತಿಳಿಯುತ್ತಿರಲಿಲ್ಲ. ಆ ಎರಡು ಎಕರೆಯಲ್ಲಿ ಈಗಲೂ ಅರಿಸಿನ ಬೆಳೆಯುತ್ತೇವೆ.

ಆ ಮೇಳದ ಮುಂದಾಳನ್ನು ಎರಡು ವರ್ಷದ ಮೇಲೆ ಒಂದು ತಿಥಿಮನೆಯಲ್ಲಿ ಕಂಡೆ. ಕ್ಯಾಸೆಟ್ ಮೂರನೆಯದರ ಕೊನೆಯಲ್ಲಿ ಸೊಲ್ಲು ಅರ್ಧಕ್ಕೇ ನಿಂತುಹೋಗುತ್ತದಲ್ಲ, ಯಾಕಯ್ಯ ಎಂದು ಕೇಳಿದೆ. ಅವರು ನಕ್ಕು, "ಕತ ಮುಗುದಿಲ್ಲ ಕನವ್ವ, ಕ್ಯಾಸೆಟ್ಟು ಮುಗುದದ. ಅವ್ರು ಗಾಜಿನ ಆಚ್ಗ ಕುಂತ್ಕಂಡು ಕೈ ಅಡ್ಡ ಆಡುಸ್ತಾರ, ನಾನು ಇತ್ತಗ ಸಂಕಮ್ಮನ್ನ ಕಟ್ಟಾಕ್ಬುಟ್ಟು ಎಂಗವ್ವ ಎದ್ದೋಗನ?" ಎಂದರು. ಧ್ವನಿಮುದ್ರಣ ಮಾಡಿದವರು ಮೊದಲು ಎಲ್ಲವನ್ನೂ ಒಂದೇ ಕ್ಯಾಸೆಟ್ಟಿಗೆ ಇಳಿಸಿ, ನಡುವೆ ಸಿನಿಮಾ ಧಾಟಿಯ ಎರಡು ಹಾಡು ಸೇರಿಸಿ ಎಂದಿದ್ದರಂತೆ. ಇವರು ಒಪ್ಪಲಿಲ್ಲ. ನಾಲ್ಕು ಕ್ಯಾಸೆಟ್ ಬಂತು, ಮಾರಾಟವಾಗಲಿಲ್ಲ. ಉಳಿದ ಕಟ್ಟುಗಳನ್ನು ಗೋಣಿಚೀಲದಲ್ಲಿ ತುಂಬಿ ಇವರ ಮನೆಗೇ ಕಳಿಸಿ, ಅದನ್ನೇ ಸಂಭಾವನೆ ಎಂದರಂತೆ. ಮಗಳ ಮದುವೆಯಲ್ಲಿ ತಾಂಬೂಲದ ಜೊತೆ ಒಂದೊಂದು ಕಟ್ಟು ಹಂಚಿದೆ ಎಂದು ಹೇಳಿದಾಗ ಅವರ ಮುಖದಲ್ಲಿ ಬೇಸರವಿತ್ತೋ ಹೆಮ್ಮೆಯಿತ್ತೋ, ಎರಡೂ ಇತ್ತು.

ಈಗ ನನ್ನ ಮಗನ ಸಂಗತಿ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ. ಅವನಿಗೆ 'ಪ್ರೋಗ್ರೆಸಿವ್ ರಾಕ್' ಎಂಬ ಸಂಗೀತದ ಹುಚ್ಚು. ಕನ್ನಡಕ್ಕೆ ತಂದರೆ 'ಪ್ರಗತಿಶೀಲ' ಎಂದಾಗಿ, ನನ್ನಂಥ ಬಿ.ಎ.ಯವಳಿಗೆ ಅ.ನ.ಕೃ., ನಿರಂಜನ ನೆನಪಾಗುತ್ತಾರೆ. ಅವರಿಗೂ ಇದಕ್ಕೂ ಸಂಬಂಧವಿಲ್ಲ. 1970ರ ಸುಮಾರಿನಲ್ಲಿ ಇಂಗ್ಲೆಂಡಿನ ಕೆಲವು ಹುಡುಗರು ಮೂರು ನಿಮಿಷದ ಹಾಡಿನ ಗೂಟ ಕಿತ್ತುಕೊಂಡು ಹೊರಟರು. ಲಾಂಗ್ ಪ್ಲೇ ತಟ್ಟೆಯ ಒಂದು ಮುಖಕ್ಕೆ ಒಂದೇ ಹಾಡು ಎಂದರು. ಜೆತ್ರೋ ಟಲ್ ಎಂಬ ಮೇಳದವರು 1972ರಲ್ಲಿ ಎರಡೂ ಮುಖ ಸೇರಿಸಿ ನಲವತ್ತು ನಿಮಿಷ ದಾಟುವ ಒಂದೇ ಹಾಡು ಮಾಡಿದರು. ಎಂಟು ವರ್ಷದ ಹುಡುಗನೊಬ್ಬ ಬರೆದ ಪದ್ಯ ಇದು ಎಂದು ತಟ್ಟೆಯ ಹೊದಿಕೆಯ ಮೇಲೆ ಹಾಸ್ಯಕ್ಕೆ ಹಾಕಿಕೊಂಡಿದ್ದರು. ಮೂರನೆಯ ತರಗತಿಯ ಮಕ್ಕಳ ಪದ್ಯಗಳನ್ನು ತಿದ್ದಿ ಗೊತ್ತಿರುವ ನನಗೆ ಇದು ಬಹಳ ಹಿಡಿಸಿತು.

ಮಗ ಹೆಚ್ಚು ಹಚ್ಚಿಕೊಂಡಿರುವುದು 'ಯೆಸ್' ಎಂಬ ಮೇಳದವರ 'ಟೇಲ್ಸ್ ಫ್ರಮ್ ಟೋಪೊಗ್ರಾಫಿಕ್ ಓಷನ್ಸ್' ಎಂಬ 1973ರ ಧ್ವನಿಮುದ್ರಿಕೆಯನ್ನು. ಎರಡು ತಟ್ಟೆ, ನಾಲ್ಕು ಮುಖ, ನಾಲ್ಕೇ ಹಾಡು, ಒಟ್ಟು ಎಂಬತ್ತು ನಿಮಿಷ. ಬಂದ ಹೊಸದರಲ್ಲಿ ಇಂಗ್ಲೆಂಡಿನ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೂ ಹೋಗಿತ್ತು. ಆದರೆ ವಿಮರ್ಶಕರು ಎತ್ತಿ ಒಗೆದರು. ಉದ್ದವಾಯಿತು, ಅತಿಯಾಯಿತು, ಈ ಹುಡುಗರಿಗೆ ತಲೆ ನಿಂತಿಲ್ಲ ಎಂದರು. ಆಮೇಲಿನ ಐವತ್ತು ವರ್ಷ, ಯಾವುದಾದರೂ ಸಂಗೀತ ಅತಿಯಾಯಿತು ಎನ್ನಲು ಇದನ್ನೇ ಉದಾಹರಣೆ ಕೊಡುವುದು ರೂಢಿಯಾಯಿತು. ಆ ಮೇಳದಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ರಿಕ್ ವೇಕ್‌ಮನ್ನರಿಗೇ ಅದು ಹಿಡಿಸಲಿಲ್ಲ. ಮ್ಯಾಂಚೆಸ್ಟರಿನಲ್ಲಿ ಕಾರ್ಯಕ್ರಮದ ನಡುವೆ ವೇದಿಕೆಯ ಮೇಲೇ ನಮ್ಮ ದೇಶದ ಸಾರಿನ ಊಟ ತರಿಸಿಕೊಂಡು ಉಂಡೆ ಎಂದು ಅವರೇ ಹೇಳಿಕೊಂಡಿದ್ದಾರೆ. 1974ರಲ್ಲಿ ಮೇಳವನ್ನೂ ಬಿಟ್ಟರು. ನಮ್ಮ ತಂಬೂರಿಯವರು ನಡುರಾತ್ರಿಯಲ್ಲಿ ಚಹಾ ಕುಡಿಯಲು ನಿಲ್ಲಿಸಿದರೆ ಅಶಿಸ್ತು ಎನ್ನುವವರಿಗೆ ಈ ಸಂಗತಿ ಹೇಳಬೇಕು.

ಈ ನಾಲ್ಕು ಹಾಡು ಹುಟ್ಟಿದ್ದು ಎಲ್ಲಿಂದ ಗೊತ್ತೇ? ಮೇಳದ ಗಾಯಕ ಜಾನ್ ಆಂಡರ್ಸನ್ ಪರಮಹಂಸ ಯೋಗಾನಂದರ ಆತ್ಮಕಥೆ ಓದುತ್ತಿದ್ದಾಗ ಪುಟದ ಕೆಳಗಿನ ಒಂದು ಅಡಿಟಿಪ್ಪಣಿಯಲ್ಲಿ ಶ್ರುತಿ, ಸ್ಮೃತಿ, ಪುರಾಣ, ತಂತ್ರ ಎಂಬ ನಾಲ್ಕು ಬಗೆಯ ಗ್ರಂಥಗಳ ವಿಷಯ ಸಿಕ್ಕಿತಂತೆ. ಒಂದೊಂದಕ್ಕೆ ತಟ್ಟೆಯ ಒಂದೊಂದು ಮುಖ. ಅಡಿಟಿಪ್ಪಣಿಯಿಂದ ಎಂಬತ್ತು ನಿಮಿಷ! ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆಗೆ ಆರು ಪುಟ ಬರೆಯುವ ಮಕ್ಕಳು ನನ್ನ ತರಗತಿಯಲ್ಲೂ ಇದ್ದಾರೆ. ಅಂಥವರನ್ನು ಬಯ್ಯುತ್ತೇನೆ, ಆದರೆ ಅವರ ಉತ್ತರಪತ್ರಿಕೆಯನ್ನು ಕೊನೆಗೆ ಇಟ್ಟುಕೊಂಡು ನಿಧಾನವಾಗಿ ಓದುತ್ತೇನೆ.

ಗೆಳೆಯರೆಲ್ಲ ನಗುತ್ತಾರೆಂದು ಮಗ ಒಂದು ರಜೆಯಲ್ಲಿ ಇದನ್ನು ನನ್ನ ಮುಂದೆ ಹಾಕಿದ. "ಅಮ್ಮ, ನಿನಗೆ ಹತ್ತು ನಿಮಿಷವೂ ಆಗಲ್ಲ" ಎಂದು ಸವಾಲು. ನಾನು ಎಸ್.ಎಸ್.ಎಲ್.ಸಿ. ಪೂರ್ವಸಿದ್ಧತಾ ಪರೀಕ್ಷೆಯ ಪತ್ರಿಕೆಗಳನ್ನು ಮುಂದಿಟ್ಟುಕೊಂಡು ಕೂತಿದ್ದೆ. ಹಾಡಿನ ಮಾತು ಒಂದೂ ಅರ್ಥವಾಗಲಿಲ್ಲ. ಇಂಗ್ಲಿಷ್ ಬರುವ ಮಗನಿಗೂ ಅರ್ಥವಾಗುವುದಿಲ್ಲವಂತೆ. ಆದರೆ ಕೂತ ಸ್ವಲ್ಪ ಹೊತ್ತಿಗೆ ಕಿವಿಗೆ ಒಂದು ದಾರಿ ಸಿಕ್ಕಿತು. ಒಂದು ಚಿಕ್ಕ ಧಾಟಿ ಬರುತ್ತದೆ, ಹೋಗುತ್ತದೆ. ಎಲ್ಲೋ ಅಲೆದಾಡಿ, ಬೇರೆ ವಾದ್ಯದ ಕೈಗೆ ಸಿಕ್ಕಿ, ಇನ್ನೊಂದು ಮುಖದಲ್ಲಿ ಮತ್ತೆ ಬರುತ್ತದೆ. ಆಗ ಅದು ಹಳೆಯ ಗುರುತಿನವರನ್ನು ಬೇರೆ ಊರಿನ ಸಂತೆಯಲ್ಲಿ ಕಂಡಂತೆ. "ಇದು ಸೊಲ್ಲು ಕಣೋ" ಎಂದೆ. ಮಗ ಮೊಬೈಲಿನಿಂದ ತಲೆಯೆತ್ತಿದ. "ಇವು ನಾಲ್ಕು ಹಾಡಲ್ಲ, ನಾಲ್ಕು ಸಾಲು" ಎಂದೆ.

ಎಲ್ಲವನ್ನೂ ಹೊಗಳಲಾರೆ. ಎರಡನೆಯ ಮುಖ, ಅಂದರೆ ಸ್ಮೃತಿಯದು, ನನಗೆ ಬಹಳ ಇಷ್ಟ. ನಿಜಕ್ಕೂ ಏನನ್ನೋ ನೆನೆಸಿಕೊಳ್ಳುತ್ತಿರುವವರಂತೆ ನಿಧಾನ. ಮೂರನೆಯದರಲ್ಲಿ ಡಬ್ಬ ಬಡಿದಂಥ ಸದ್ದಿನ ಭಾಗವೊಂದಿದೆ. ಅದರ ಪರವಾಗಿ ನಾನು ಸಾಕ್ಷಿ ಹೇಳಲಾರೆ, ಮಗ ಹೇಳಿಕೊಳ್ಳಲಿ. ನಮ್ಮ ತಂಬೂರಿ ಕಥೆಯಲ್ಲೂ ಅಷ್ಟೆ. ಒಂದನೆಯ ಕ್ಯಾಸೆಟ್ಟಿನ ಮೊದಲ ಹದಿನೈದು ನಿಮಿಷ ದೇವರುಗಳನ್ನು ನೆನೆಯುವುದರಲ್ಲೇ ಹೋಗುತ್ತದೆ. ನಡುವೆ ಬರುವ ಹಾಸ್ಯ, ಅದೂ ಸೋದರಮಾವನ ಮೇಲಿನದು, ನಡುರಾತ್ರಿಯ ತೂಕಡಿಕೆ ಬಿಡಿಸಲು ಹುಟ್ಟಿದ್ದು. ಹಗಲಿನಲ್ಲಿ ಕೇಳಿದರೆ ಚಪ್ಪೆ. ಉದ್ದದ ಹಾಡಿನಲ್ಲಿ ಬೇಡದ್ದೂ ಇರುತ್ತದೆ, ದೊಡ್ಡ ಮನೆಯಲ್ಲಿ ಬಳಸದ ಕೋಣೆ ಇರುವಂತೆ. ಅದಕ್ಕಾಗಿ ಮನೆ ಕೆಡವುತ್ತಾರೆಯೇ?

ನನಗೆ ಸೋಜಿಗವಾದದ್ದು ಇನ್ನೊಂದು. ಎಂಬತ್ತು ನಿಮಿಷದ ಇಂಗ್ಲಿಷ್ ಹಾಡಿಗಾಗಿ ಗೆಳೆಯರೊಂದಿಗೆ ಜಗಳವಾಡುವ ಈ ಮಗ, ಅಜ್ಜಿಯ ಕ್ಯಾಸೆಟ್ಟನ್ನು ಚಿಕ್ಕಂದಿನಲ್ಲಿ, "ಅಜ್ಜಿ, ಅದು ಬೋರು, ಅಂದದ್ದನ್ನೇ ಅಂತಾರೆ" ಎಂದು ನಿಲ್ಲಿಸುತ್ತಿದ್ದ. ಅದನ್ನು ನೆನಪಿಸಿದೆ. ಉತ್ತರ ಹೇಳಲಿಲ್ಲ. ಅಟ್ಟದಿಂದ ಟೇಪ್ ರೆಕಾರ್ಡರ್ ಇಳಿಸಿದ.

ಕಥೆಯ ಉದ್ದ ಕತ್ತರಿಸಿದರೆ ಏನಾಗುತ್ತದೆ ಎಂಬುದಕ್ಕೆ ಈಚಿನ ಉದಾಹರಣೆಯೂ ಇದೆ. 'ಕೋಲುಮಂಡೆ' ಹಾಡು ನಿಮಗೆಲ್ಲ ಗೊತ್ತು. 1996ರ 'ಜನುಮದ ಜೋಡಿ' ಸಿನಿಮಾದಲ್ಲಿ ಎಲ್.ಎನ್. ಶಾಸ್ತ್ರಿಯವರು ಹಾಡಿ ರಾಜ್ಯಪ್ರಶಸ್ತಿ ಪಡೆದರು, ಹಾಡು ನಾಡಿನ ಮೂಲೆಮೂಲೆಗೆ ಹೋಯಿತು. ಮಾದಪ್ಪ ಸಂಕಮ್ಮನ ಬಾಗಿಲಿಗೆ ಬರುವ ಹಾಡದು. ಮಹಾಕಾವ್ಯದಿಂದ ಕಿತ್ತ ಒಂದು ಎಸಳು. 2020ರಲ್ಲಿ ಚಂದನ್ ಶೆಟ್ಟಿಯವರು ಅದನ್ನು ರ‍್ಯಾಪ್ ಮಾಡಿದಾಗ, ವೀಡಿಯೋದಲ್ಲಿ ಸಂಕಮ್ಮನನ್ನು ತೋರಿಸಿದ ರೀತಿಗೆ ಮಾದಪ್ಪನ ಒಕ್ಕಲು ಸಿಟ್ಟಾಯಿತು. ಅವರು ಕ್ಷಮೆ ಕೇಳಿ ಅದನ್ನು ತೆಗೆದುಹಾಕಿದರು. ಆ ಒಂದು ವಾರ ಬಸ್ಸಿನಲ್ಲಿ, ನಮ್ಮ ಸ್ಟಾಫ್ ರೂಮಿನಲ್ಲಿ ಅದೇ ಮಾತು. ಸಂಕಮ್ಮ ಏನುಟ್ಟಿದ್ದಳು, ಹೇಗೆ ಕುಣಿದಳು, ಅವಳ ಮಾನ ಏನಾಯಿತು. ಸಿಟ್ಟು ಸರಿಯೇ. ಆದರೆ ಸಂಕಮ್ಮನ ಮಾನದ ಬಗ್ಗೆ ಸಂಕಮ್ಮನೇ ಏನು ಹೇಳಿದ್ದಳು, ಗಂಡ ಭಾಷೆ ಕೇಳಿದಾಗ ಯಾಕೆ ಕೊಡಲಿಲ್ಲ, ಆ ಮಾತು ಯಾರ ಬಾಯಲ್ಲೂ ಬರಲಿಲ್ಲ. ಬರುವುದಾದರೂ ಹೇಗೆ? ಅದು ಮೂರನೆಯ ಕ್ಯಾಸೆಟ್ಟಿನಲ್ಲಿದೆ.

ಈಗ ತಟ್ಟೆಯೂ ಇಲ್ಲ, ಟೇಪೂ ಇಲ್ಲ, ಯಾರಿಗೂ ಜಾಗದ ಅಡಚಣೆಯಿಲ್ಲ. ಯೂಟ್ಯೂಬಿನಲ್ಲಿ ತಂಬೂರಿ ಕಥೆಗಳು ಗಂಟೆಗಟ್ಟಲೆ ಸಿಗುತ್ತವೆ. ನಮ್ಮ ಊರಿನ ಟ್ರ್ಯಾಕ್ಟರಿನವರು, ಬಾಳೆ ಲಾರಿಯವರು ರಾತ್ರಿ ಪ್ರಯಾಣದಲ್ಲಿ ಅವನ್ನೇ ಹಾಕಿಕೊಳ್ಳುತ್ತಾರೆ. ಆದರೆ ಶಾಲೆಯ ವಾರ್ಷಿಕೋತ್ಸವಕ್ಕೆ ಒಂದು ತಂಬೂರಿ ಕಥೆಯಿಡೋಣ ಎಂದರೆ, "ಇಡೋಣ ಮೇಡಂ, ಆರು ನಿಮಿಷ" ಎನ್ನುತ್ತಾರೆ. ಅತಿಥಿಗಳ ಭಾಷಣಕ್ಕೆ ಮಾತ್ರ ಗಡಿಯಾರವಿಲ್ಲ. ಹೋದ ಸಲ ಆರು ನಿಮಿಷಕ್ಕೆ ಒಪ್ಪದೆ, ಬೇರೆ ಒಂದು ಶನಿವಾರ ಮಧ್ಯಾಹ್ನ ಇಡೀ ಎರಡು ಗಂಟೆ ಇಡಿಸಿದೆ. ಕಿರಿಯ ಮಕ್ಕಳು ಅರ್ಧಕ್ಕೇ ನಿದ್ದೆಹೋದರು. ನಿದ್ದೆಹೋದವರನ್ನು ಎಬ್ಬಿಸಬೇಡಿ, ಈ ಹಾಡಿಗೆ ಅದೂ ಒಂದು ಪದ್ಧತಿ ಎಂದೆ. ಎದ್ದಾಗ ಕಥೆ ಇನ್ನೂ ನಡೆಯುತ್ತಿರುತ್ತದೆ, ಸೊಲ್ಲು ಹಿಡಿದು ಮತ್ತೆ ಒಳಗೆ ಬರಬಹುದು.

ಅತ್ತೆ ತೀರಿಕೊಂಡು ಹತ್ತು ವರ್ಷವಾಯಿತು. ನಾಲ್ಕು ಕ್ಯಾಸೆಟ್ಟುಗಳಲ್ಲಿ ಎರಡನೆಯದರ ಟೇಪು ಒಂದು ಕಡೆ ಸುಕ್ಕಾಗಿತ್ತು. ಮಗ ಅದನ್ನು ಪೆನ್ಸಿಲ್ಲಿನಿಂದ ಸುತ್ತಿ ಸರಿಮಾಡಿ, ನಾಲ್ಕನ್ನೂ ಕಂಪ್ಯೂಟರಿಗೆ ಇಳಿಸಿದ. ಮೂರು ಗಂಟೆ ಐವತ್ತು ನಿಮಿಷ ಆಯಿತು. ಸಣ್ಣ ಸಣ್ಣ ತುಂಡು ಮಾಡಿ ಹೆಸರು ಕೊಡಲೇ, ಹುಡುಕಲು ಸುಲಭ ಎಂದು ಕೇಳಿದ. ಬೇಡ, ಒಂದೇ ಇರಲಿ ಎಂದೆ. ಅರ್ಧಕ್ಕೆ ನಿಂತ ಆ ಸೊಲ್ಲನ್ನೂ ಹಾಗೇ ಬಿಡಿಸಿದೆ.

ನಮ್ಮ ಶಾಲೆಯ ಗಣಿತದ ಮೇಡಂ, ಹಾಡು ಎಂದರೆ ನಾಲ್ಕು ನಿಮಿಷ ಎನ್ನುವವರಲ್ಲೇ ಮುಂಚೂಣಿಯವರು, ಪೆನ್‌ಡ್ರೈವಿನಲ್ಲಿ ಅದನ್ನು ಹಾಕಿಸಿಕೊಂಡು ಹೋಗಿ ತಿಂಗಳಾಯಿತು. ಸ್ಕೂಟಿಯಲ್ಲಿ ಕೇಳಲಾಗುವುದಿಲ್ಲ, ಅಡುಗೆ ಮಾಡುವಾಗ ದಿನಕ್ಕೆ ಕಾಲು ಗಂಟೆಯಂತೆ ಕೇಳುತ್ತಿದ್ದಾರಂತೆ. ಎಲ್ಲಿಗೆ ಬಂದಿರಿ ಎಂದು ಮೊನ್ನೆ ವಿಚಾರಿಸಿದೆ. ನೀಲೇಗೌಡ ಮೂರನೆಯ ಸಲ ಭಾಷೆ ಕೇಳುತ್ತಿದ್ದಾನೆ ಎಂದರು. ಆಮೇಲೆ ಸ್ವಲ್ಪ ತಡೆದು, "ಕೊಡೋದಿಲ್ಲ ತಾನೇ ಅವಳು?" ಎಂದು ಕೇಳಿದರು. ನಾನು ಹೇಳಲಿಲ್ಲ.